ಜೋಸೆಫ್ ಆಲ್ಬರ್ಸ್

ಜೋಸೆಫ್ ಆಲ್ಬರ್ಸ್ (೧೯ ಮಾರ್ಚ್ ೧೮೮೮ – ೨೫ ಮಾರ್ಚ್ ೧೯೭೬) ಜರ್ಮನಿಯಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಚಿತ್ರಕಲಾವಿದರು, ವಿನ್ಯಾಸಕಾರರು ಹಾಗೂ ಕಲಾಶಿಕ್ಷಕರು. ಬೌಹೌಸ್ ಕಲಾಶಾಲೆಗೆ ವಿದ್ಯಾರ್ಥಿಯಾಗಿ ಸೇರಿ ಅಲ್ಲಿಯೇ ಅಧ್ಯಾಪಕರಾದವರಲ್ಲಿ ಇವರು ಮೊದಲಿಗರಲ್ಲೊಬ್ಬರು. ಮುಂದೆ ಅಮೆರಿಕದ ಬ್ಲ್ಯಾಕ್ ಮೌಂಟನ್ ಕಾಲೇಜು ಹಾಗೂ ಯೇಲ್ ವಿಶ್ವವಿದ್ಯಾಲಯಗಳಲ್ಲಿ ಬೋಧಿಸಿದರು. 'ಚೌಕಕ್ಕೆ ಗೌರವ' ಎಂಬ ಚಿತ್ರಸರಣಿ ಮತ್ತು 'ಬಣ್ಣಗಳ ಪರಸ್ಪರ ಕ್ರಿಯೆ' ಎಂಬ ಗ್ರಂಥ ಇವರಿಗೆ ಹೆಸರು ತಂದುಕೊಟ್ಟವು. ಆದರೆ ಇಂದು ವಿನ್ಯಾಸ ಶಾಲೆಗಳ ಮೊದಲ ವರ್ಷದ ತರಗತಿಗಳಲ್ಲಿ ಇವರ ಪ್ರಭಾವ ಚಿತ್ರಗಳಿಗಿಂತ ಹೆಚ್ಚಾಗಿ ಪಾಠಕ್ರಮದ ಮೂಲಕ ಉಳಿದಿದೆ. ಕಾಗದ, ಕತ್ತರಿ, ಬಣ್ಣದ ಚೂರುಗಳನ್ನು ವಿದ್ಯಾರ್ಥಿಯ ಕೈಗೆ ಕೊಟ್ಟು, ಸಿದ್ಧಾಂತವನ್ನು ಕಡೆಗೆ ಹೇಳುವ ಕ್ರಮವನ್ನು ಶಿಸ್ತಾಗಿ ರೂಪಿಸಿದವರು ಆಲ್ಬರ್ಸ್.

ಆರಂಭಿಕ ಜೀವನ

ಆಲ್ಬರ್ಸ್ ಹುಟ್ಟಿದ್ದು ಜರ್ಮನಿಯ ರೂರ್ ಪ್ರದೇಶದ ಬಾಟ್ರಾಪ್ ಎಂಬ ಕಲ್ಲಿದ್ದಲ ಗಣಿಗಳ ಊರಿನಲ್ಲಿ. ತಂದೆ ಲೊರೆಂಜ್ ಆಲ್ಬರ್ಸ್ ಮನೆಗಳಿಗೆ ಬಣ್ಣ ಬಳಿಯುವ ಕಸುಬಿನವರು. ಮರಗೆಲಸ ಮೊದಲಾದ ಇತರ ಕೈಕೆಲಸಗಳನ್ನೂ ಬಲ್ಲವರು. ತಾಯಿ ಮಗ್ದಲೇನಾ ಕಮ್ಮಾರರ ಮನೆತನದವರು. ಬಾಗಿಲಿಗೆ ಬಣ್ಣ ಹಚ್ಚುವಾಗ ನಡುವಿನಿಂದ ಆರಂಭಿಸಿ ಅಂಚಿನ ಕಡೆಗೆ ಸಾಗಬೇಕು, ಹಾಗೆ ಮಾಡಿದರೆ ಬಣ್ಣ ಸೋರುವುದಿಲ್ಲ, ಅಂಗಿಯ ತೋಳೂ ಕೊಳೆಯಾಗುವುದಿಲ್ಲ ಎಂಬುದು ತಂದೆಯಿಂದ ಕಲಿತ ಪಾಠ. ಎಪ್ಪತ್ತರ ವಯಸ್ಸಿನಲ್ಲಿಯೂ ಆಲ್ಬರ್ಸ್ ತಮ್ಮ ಚೌಕಗಳಿಗೆ ನಡುವಿನಿಂದಲೇ ಬಣ್ಣ ಹಚ್ಚುತ್ತಿದ್ದರು. ಕಲೆಯ ಗುರುಗಳ ಬಗ್ಗೆ ಕೇಳಿದವರ ಮುಂದೆ ಅವರು ಮೊದಲು ನೆನೆಯುತ್ತಿದ್ದುದು ತಂದೆಯನ್ನೇ.

ಬ್ಯೂರೆನ್ ಪಟ್ಟಣದಲ್ಲಿ ಶಿಕ್ಷಕ ತರಬೇತಿ ಮುಗಿಸಿ ೧೯೦೮ರಿಂದ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿದರು. ೧೯೧೩ರಿಂದ ೧೯೧೫ರವರೆಗೆ ಬರ್ಲಿನ್ನಿನ ರಾಯಲ್ ಕಲಾಶಾಲೆಯಲ್ಲಿ ಓದಿ ಚಿತ್ರಕಲಾ ಶಿಕ್ಷಕರ ಅರ್ಹತೆ ಪಡೆದರು. ಬಳಿಕ ಊರಿನ ಶಾಲೆಯ ಕೆಲಸದ ಜೊತೆಯಲ್ಲೇ ಎಸೆನ್ ನಗರದ ಕರಕುಶಲ ಶಾಲೆಯಲ್ಲಿ ಅಭ್ಯಾಸ ಮುಂದುವರಿಸಿದರು. ೧೯೧೮ರಲ್ಲಿ ಬಾಟ್ರಾಪ್‌ನ ಸಂತ ಮಿಕಾಯೆಲರ ಚರ್ಚಿಗಾಗಿ ಬಣ್ಣದ ಗಾಜಿನ ಕಿಟಕಿಯೊಂದನ್ನು ನಿರ್ಮಿಸಿಕೊಟ್ಟರು. ಎರಡನೆಯ ಮಹಾಯುದ್ಧದಲ್ಲಿ ಅದು ನಾಶವಾಯಿತು. ೧೯೧೯ರಲ್ಲಿ ಮ್ಯೂನಿಕ್‌ನ ಕಲಾ ಅಕಾಡೆಮಿ ಸೇರಿ ಫ್ರಾಂಜ್ ಫಾನ್ ಸ್ಟುಕ್ ಅವರ ಕೈಕೆಳಗೆ ಅಭ್ಯಾಸ ಮಾಡಿದರು. ಅಲ್ಲಿ ಕೈಗೆ ಸಿಕ್ಕ ಒಂದು ಕರಪತ್ರ ಅವರ ಬದುಕಿನ ದಿಕ್ಕನ್ನು ಬದಲಿಸಿತು. ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್ ೧೯೧೯ರಲ್ಲಿ ವೈಮಾರ್ ನಗರದಲ್ಲಿ ತೆರೆದ ಬೌಹೌಸ್ ಎಂಬ ಹೊಸ ಶಾಲೆಯ ಧ್ಯೇಯಗಳನ್ನು ಸಾರುವ ಪತ್ರ ಅದು.

ಬೌಹೌಸ್‌ನ ವಿದ್ಯಾರ್ಥಿ

೧೯೨೦ರಲ್ಲಿ ಬೌಹೌಸ್ ಸೇರಿದಾಗ ಆಲ್ಬರ್ಸ್‌ಗೆ ಮೂವತ್ತೆರಡು ವರ್ಷ. ಹನ್ನೆರಡು ವರ್ಷಗಳ ಹಿಂದೆಯೇ ಶಿಕ್ಷಕರಾದವರು, ಮೂರು ಕಲಾಶಾಲೆಗಳನ್ನು ಕಂಡವರು, ಈಗ ಬಹುತೇಕ ತಮಗಿಂತ ಕಿರಿಯರಾದ ಸಹಪಾಠಿಗಳ ನಡುವೆ ಮತ್ತೆ ಮೊದಲಿನಿಂದ ಕಲಿಯಲು ಕುಳಿತರು. ಹಳೆಯದನ್ನೆಲ್ಲ ಬದಿಗಿಟ್ಟು ಹೊಸದಾಗಿ ತೊಡಗಿದ ಈ ನಿರ್ಧಾರವನ್ನು ಅವರು ಬದುಕಿನ ಅತ್ಯುತ್ತಮ ಹೆಜ್ಜೆಯೆಂದು ಭಾವಿಸಿದ್ದರು.

ಶಾಲೆಗೆ ಬಂದವರೆಲ್ಲರೂ ಮೊದಲ ಆರು ತಿಂಗಳು ಸ್ವಿಸ್ ಚಿತ್ರಕಾರ ಯೊಹಾನೆಸ್ ಇಟ್ಟೆನ್ ನಡೆಸುತ್ತಿದ್ದ ಪ್ರಾಥಮಿಕ ತರಗತಿಯನ್ನು ದಾಟಬೇಕಿತ್ತು. ಉಸಿರಾಟದ ಅಭ್ಯಾಸದಿಂದ ಆರಂಭವಾಗುತ್ತಿದ್ದ ಆ ತರಗತಿಯಲ್ಲಿ ಒರಟು–ನಯ, ಕಪ್ಪು–ಬಿಳುಪು, ಭಾರ–ಹಗುರ ಮುಂತಾದ ವೈದೃಶ್ಯಗಳನ್ನು ವಿದ್ಯಾರ್ಥಿಗಳು ಮುಟ್ಟಿ, ನೋಡಿ, ಗೆರೆಗಳಲ್ಲಿ ಮೂಡಿಸುತ್ತಿದ್ದರು. ಇಟ್ಟೆನ್ ಅವರ ಆಧ್ಯಾತ್ಮಿಕ ಒಲವು ಆಲ್ಬರ್ಸ್‌ಗೆ ರುಚಿಸಲಿಲ್ಲ. ಆದರೆ ವಸ್ತುವನ್ನು ಕೈಯಿಂದ ಅರಿಯಬೇಕೆಂಬ ಮಾತು ಮಾತ್ರ ಅವರಲ್ಲಿ ಉಳಿಯಿತು.

ಪ್ರಾಥಮಿಕ ತರಗತಿಯ ನಂತರ ವಿದ್ಯಾರ್ಥಿಯು ಒಂದು ಕಾರ್ಯಾಗಾರವನ್ನು ಆರಿಸಿಕೊಳ್ಳಬೇಕಿತ್ತು. ಆಲ್ಬರ್ಸ್ ಬಯಸಿದ್ದು ಗಾಜಿನ ಕೆಲಸವನ್ನು. ಗಾಜಿನ ಚಿತ್ರ ಗೋಡೆಚಿತ್ರದ ಒಂದು ಅಂಗ, ಆದ್ದರಿಂದ ಮೊದಲು ಗೋಡೆಚಿತ್ರದ ಕಾರ್ಯಾಗಾರದಲ್ಲಿ ಪಳಗಬೇಕು ಎಂಬುದು ಅಧ್ಯಾಪಕರ ಅಭಿಪ್ರಾಯ. ಆಲ್ಬರ್ಸ್ ಒಪ್ಪಲಿಲ್ಲ. ಗಾಜು ಕೊಳ್ಳಲು ಅವರ ಬಳಿ ಹಣವಿರಲಿಲ್ಲ. ಯುದ್ಧ ಸೋತ ಜರ್ಮನಿಯಲ್ಲಿ ಆಗ ಎಲ್ಲಕ್ಕೂ ಅಭಾವ. ಬೆನ್ನಿಗೆ ಚೀಲ, ಕೈಯಲ್ಲಿ ಸುತ್ತಿಗೆ ಹಿಡಿದು ಊರಿನ ಕಸದ ಗುಂಡಿಗೆ ಹೋಗಿ ಎಸೆದ ಬಾಟಲಿಗಳ ತಳ, ಒಡೆದ ಕಿಟಕಿಗಳ ಚೂರುಗಳನ್ನು ಆಯ್ದು ತಂದರು. ಅವುಗಳನ್ನು ತಂತಿ, ತಗಡು, ಸೀಸದ ಪಟ್ಟಿಗಳಿಂದ ಬಂಧಿಸಿ ಬೆಳಕಿಗೆ ಹಿಡಿದಾಗ ಹೊಳೆಯುವ ಫಲಕಗಳನ್ನು ಮಾಡಿದರು.

ಸೂಚನೆಯನ್ನು ಹೀಗೆ ಕಡೆಗಣಿಸಿದರೆ ಶಾಲೆಯಲ್ಲಿ ಉಳಿಯುವುದು ಸಾಧ್ಯವಿಲ್ಲವೆಂದು ಗ್ರೋಪಿಯಸ್ ಅವರಿಗೆ ಮತ್ತೆ ಮತ್ತೆ ನೆನಪಿಸಿದರು. ಎರಡನೆಯ ಅರ್ಧವರ್ಷದ ಕೊನೆಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಕೆಲಸವನ್ನು ಪ್ರದರ್ಶಿಸುವ ಪದ್ಧತಿಯಿತ್ತು. ಅದೇ ತಮ್ಮ ಕೊನೆಯ ಪ್ರದರ್ಶನವೆಂದು ತಿಳಿದೇ ಆಲ್ಬರ್ಸ್ ಗಾಜಿನ ಫಲಕಗಳನ್ನು ಸಾಲಾಗಿ ನಿಲ್ಲಿಸಿದರು. ಬಂದ ಪತ್ರ ಬೇರೆಯಾಗಿತ್ತು. ಅಧ್ಯಯನ ಮುಂದುವರಿಸಬಹುದೆಂದಷ್ಟೇ ಅಲ್ಲ, ಶಾಲೆಗೆ ಹೊಸದೊಂದು ಗಾಜಿನ ಕಾರ್ಯಾಗಾರವನ್ನು ಅವರೇ ಕಟ್ಟಿಕೊಡಬೇಕೆಂದೂ ಅದರಲ್ಲಿತ್ತು. ಶಿಸ್ತು ಮುರಿದ ವಿದ್ಯಾರ್ಥಿಯ ಕೆಲಸವನ್ನು ನೋಡಿ ತಮ್ಮ ತೀರ್ಮಾನವನ್ನು ತಿದ್ದಿಕೊಂಡ ಅಧ್ಯಾಪಕರ ಪಾಲೂ ಈ ಘಟನೆಯಲ್ಲಿ ಸಣ್ಣದಲ್ಲ.

ಕಾಗದದ ಪಾಠ

೧೯೨೩ರಲ್ಲಿ ಇಟ್ಟೆನ್ ಶಾಲೆಯನ್ನು ತೊರೆದರು. ಪ್ರಾಥಮಿಕ ತರಗತಿಯಲ್ಲಿ ವಸ್ತುಗಳ ಬಳಕೆಯನ್ನು ಕಲಿಸುವ ಭಾಗವನ್ನು ಗ್ರೋಪಿಯಸ್ ಆಲ್ಬರ್ಸ್‌ಗೆ ವಹಿಸಿದರು; ಉಳಿದ ಭಾಗ ಹಂಗೇರಿಯ ಲಾಸ್ಲೊ ಮೊಹೊಲಿ-ನಾಜ್ ಅವರದಾಯಿತು. ೧೯೨೫ರಲ್ಲಿ ಶಾಲೆ ಡೆಸ್ಸೌ ನಗರಕ್ಕೆ ಸ್ಥಳಾಂತರಗೊಂಡಾಗ ಆಲ್ಬರ್ಸ್ ಪೂರ್ಣ ಅಧ್ಯಾಪಕರಾದರು. ಅದೇ ವರ್ಷ ನೇಯ್ಗೆ ವಿಭಾಗದ ವಿದ್ಯಾರ್ಥಿನಿ ಆನಿ ಫ್ಲೈಶ್‌ಮನ್ ಅವರನ್ನು ವಿವಾಹವಾದರು. ಆನಿ ಆಲ್ಬರ್ಸ್ ಮುಂದೆ ಇಪ್ಪತ್ತನೆಯ ಶತಮಾನದ ಪ್ರಮುಖ ನೇಯ್ಗೆ ಕಲಾವಿದರೆನಿಸಿದರು. ೧೯೨೮ರಲ್ಲಿ ಮೊಹೊಲಿ-ನಾಜ್ ನಿರ್ಗಮಿಸಿದ ಮೇಲೆ ಇಡೀ ಪ್ರಾಥಮಿಕ ತರಗತಿಯ ಹೊಣೆ ಆಲ್ಬರ್ಸ್ ಹೆಗಲೇರಿತು.

ಆ ತರಗತಿಯ ಮೊದಲ ದಿನವನ್ನು ಹಳೆಯ ವಿದ್ಯಾರ್ಥಿಯೊಬ್ಬರು ವಿವರವಾಗಿ ನೆನಪಿಸಿಕೊಂಡಿದ್ದಾರೆ. ಕೈಯಲ್ಲಿ ಸುದ್ದಿಪತ್ರಿಕೆಗಳ ಕಟ್ಟು ಹಿಡಿದು ಬಂದ ಆಲ್ಬರ್ಸ್ ಎಲ್ಲರಿಗೂ ಹಾಳೆಗಳನ್ನು ಹಂಚಿದರು. ಈಗಿರುವುದಕ್ಕಿಂತ ಹೆಚ್ಚಿನದೇನನ್ನಾದರೂ ಈ ಕಾಗದದಿಂದ ಮಾಡಬೇಕು, ಕಾಗದದ ಗುಣಕ್ಕೆ ಮರ್ಯಾದೆ ಕೊಡಬೇಕು, ಸಾಧ್ಯವಾದರೆ ಕತ್ತರಿಯನ್ನೂ ಅಂಟನ್ನೂ ಮುಟ್ಟಬಾರದು ಎಂದಷ್ಟೇ ಹೇಳಿ ಹೊರಟುಹೋದರು. ಕೆಲವು ಗಂಟೆಗಳ ನಂತರ ಬಂದು ನೋಡಿದಾಗ ನೆಲದ ಮೇಲೆ ಕೋಟೆಗಳು, ಹಡಗುಗಳು, ವಿಮಾನಗಳು, ಪ್ರಾಣಿಗಳು. ಅವೆಲ್ಲ ಮಕ್ಕಳ ಆಟಿಕೆಗಳು, ಬೇರೆ ವಸ್ತುವಿನಲ್ಲಿ ಇದಕ್ಕಿಂತ ಚೆನ್ನಾಗಿ ಮಾಡಬಹುದಾದವು ಎಂದು ಬದಿಗೆ ಸರಿಸಿದರು. ಆಮೇಲೆ ಹಂಗೇರಿಯ ಯುವಕನೊಬ್ಬ ಮಾಡಿದ್ದರತ್ತ ಕೈತೋರಿಸಿದರು. ಅವನು ಹಾಳೆಯನ್ನು ಮೇಲಿನಿಂದ ಕೆಳಗೆ ಒಮ್ಮೆ ಮಡಿಚಿ ಹಕ್ಕಿಯ ರೆಕ್ಕೆಗಳಂತೆ ನಿಲ್ಲಿಸಿದ್ದನಷ್ಟೇ. ಮೇಜಿನ ಮೇಲೆ ಮಲಗಿದ ಕಾಗದದ ಒಂದೇ ಮುಖ ಕಾಣುತ್ತದೆ, ಇನ್ನೊಂದು ವ್ಯರ್ಥವಾಗುತ್ತದೆ. ನಿಂತ ಕಾಗದದ ಎರಡೂ ಮುಖ ಕಾಣುತ್ತವೆ. ಮೆದುವಾದದ್ದು ಒಂದು ಮಡಿಕೆಯಿಂದ ಗಟ್ಟಿಯಾಗಿ ತನ್ನ ಅತಿ ತೆಳುವಾದ ಅಂಚಿನ ಮೇಲೆ ನಿಲ್ಲುತ್ತದೆ. ಇದನ್ನು ಅವರು ಎಳೆಎಳೆಯಾಗಿ ವಿವರಿಸಿದರು.

ಈ ಅಭ್ಯಾಸದ ಹಿಂದೆ ಮಿತವ್ಯಯದ ತತ್ವವಿದೆ. ಕಡಿಮೆ ವಸ್ತು, ಕಡಿಮೆ ಶ್ರಮದಿಂದ ಹೆಚ್ಚಿನ ಪರಿಣಾಮ ಪಡೆಯುವುದು ಒಂದು ಗುರಿ. ಇನ್ನೊಂದು ಗುರಿ ಅಭ್ಯಾಸಬಲವನ್ನು ಮುರಿಯುವುದು. ಕತ್ತರಿ, ಅಂಟು ಕೈಯಲ್ಲಿದ್ದರೆ ವಿದ್ಯಾರ್ಥಿಯು ತಾನು ಕಂಡದ್ದನ್ನೇ ಪುನಃ ಮಾಡುತ್ತಾನೆ. ಅವನ್ನು ಕಿತ್ತುಕೊಂಡರೆ ಯೋಚಿಸದೆ ಬೇರೆ ದಾರಿಯಿಲ್ಲ. ಪ್ರತಿಭೆ ಹುಟ್ಟಿನಿಂದ ಬರುವುದೆಂಬ ನಂಬಿಕೆ ಪ್ರಬಲವಾಗಿದ್ದ ಕಾಲದಲ್ಲಿ, ಹೊಸದನ್ನು ಯೋಚಿಸುವುದನ್ನು ಕೈಕೆಲಸದಂತೆ ಅಭ್ಯಾಸದಿಂದ ಗಳಿಸಬಹುದೆಂದು ಅವರು ತರಗತಿಯಲ್ಲಿ ತೋರಿಸಿದರು.

ಅಕ್ಷರ ವಿನ್ಯಾಸದಲ್ಲಿಯೂ ಅವರು ಇದೇ ಮಿತವ್ಯಯವನ್ನು ಪ್ರಯೋಗಿಸಿದರು. ದೂರದಿಂದ ಓದಬೇಕಾದ ಭಿತ್ತಿಪತ್ರಗಳಿಗಾಗಿ ೧೯೨೫-೨೬ರ ಸುಮಾರಿಗೆ ಸ್ಟೆನ್ಸಿಲ್ ಅಕ್ಷರಗಳನ್ನು ರೂಪಿಸಿದರು. ಅದನ್ನು ಮುಂದುವರಿಸಿ ಚೌಕ, ಕಾಲುವೃತ್ತ ಮತ್ತು ವೃತ್ತ ಎಂಬ ಮೂರೇ ಆಕಾರಗಳಿಂದ ಇಡೀ ವರ್ಣಮಾಲೆಯನ್ನು ಜೋಡಿಸುವ ಕ್ರಮವೊಂದನ್ನು ಸಿದ್ಧಪಡಿಸಿದರು. ಕುತೂಹಲದ ಸಂಗತಿಯೆಂದರೆ, ದಶಕಗಳ ನಂತರ ಬರೆದ ಗ್ರಂಥದಲ್ಲಿ ಅವರು ಬೇರೆಯೇ ಮಾತು ಹೇಳಿದರು: ಅಕ್ಷರಗಳು ಒಂದರಿಂದೊಂದು ಎಷ್ಟು ಭಿನ್ನವಾಗಿರುತ್ತವೆಯೋ ಓದು ಅಷ್ಟು ಸುಲಭ, ಎಲ್ಲವನ್ನೂ ಒಂದೇ ಅಚ್ಚಿನಲ್ಲಿ ಎರೆದರೆ ಕಣ್ಣಿಗೆ ತೊಡಕು.

೧೯೩೨ರಲ್ಲಿ ನಾಜಿಗಳ ಪ್ರಾಬಲ್ಯವಿದ್ದ ಡೆಸ್ಸೌ ನಗರಸಭೆ ಶಾಲೆಯನ್ನು ಮುಚ್ಚಿಸಿತು. ಬರ್ಲಿನ್ನಿನ ಪಾಳುಬಿದ್ದ ದೂರವಾಣಿ ಕಾರ್ಖಾನೆಯೊಂದರಲ್ಲಿ ಶಾಲೆ ಕೆಲಕಾಲ ಉಸಿರಾಡಿತು. ೧೯೩೩ರ ಏಪ್ರಿಲ್‌ನಲ್ಲಿ ಪೊಲೀಸರು ಆ ಕಟ್ಟಡಕ್ಕೂ ಬೀಗಮುದ್ರೆ ಹಾಕಿದರು. ಜುಲೈನಲ್ಲಿ ಅಧ್ಯಾಪಕರು ಶಾಲೆಯನ್ನು ವಿಸರ್ಜಿಸಲು ತೀರ್ಮಾನಿಸಿದರು. ಕೊನೆಯ ದಿನದವರೆಗೂ ಉಳಿದ ಅಧ್ಯಾಪಕರಲ್ಲಿ ಆಲ್ಬರ್ಸ್ ಒಬ್ಬರು. ಆನಿ ಯಹೂದಿ ಮನೆತನದವರಾದ್ದರಿಂದ ಜರ್ಮನಿಯಲ್ಲಿ ಉಳಿಯುವುದು ಅಪಾಯಕರವಾಗಿತ್ತು.

ಬ್ಲ್ಯಾಕ್ ಮೌಂಟನ್ ಕಾಲೇಜು

ಅದೇ ವರ್ಷ ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಬೆಟ್ಟಗಳ ನಡುವೆ ಬ್ಲ್ಯಾಕ್ ಮೌಂಟನ್ ಕಾಲೇಜು ಆರಂಭವಾಗಿತ್ತು. ಕಲೆಯನ್ನು ಶಿಕ್ಷಣದ ಕೇಂದ್ರದಲ್ಲಿರಿಸಿದ ಆ ಪುಟ್ಟ ಕಾಲೇಜಿಗೆ ಕಲಾಶಿಕ್ಷಕರು ಬೇಕಾಗಿದ್ದರು. ವಾಸ್ತುಶಿಲ್ಪಿ ಫಿಲಿಪ್ ಜಾನ್ಸನ್ ಅವರ ಸಲಹೆಯಂತೆ ಆಲ್ಬರ್ಸ್ ದಂಪತಿಗಳಿಗೆ ಕರೆ ಹೋಯಿತು. ೧೯೩೩ರ ನವೆಂಬರ್‌ನಲ್ಲಿ ಅವರು ಅಮೆರಿಕ ತಲುಪಿದರು. ಆಲ್ಬರ್ಸ್‌ಗೆ ಇಂಗ್ಲಿಷ್ ಹೆಚ್ಚುಕಡಿಮೆ ಬಾರದು. ಏನನ್ನು ಕಲಿಸುವಿರಿ ಎಂಬ ಪ್ರಶ್ನೆಗೆ, ಕಣ್ಣು ತೆರೆಸುವುದು ತಮ್ಮ ಕೆಲಸವೆಂದು ತೊದಲು ಇಂಗ್ಲಿಷಿನಲ್ಲಿಯೇ ತಿಳಿಸಿದರಂತೆ. ಮಾತಿಗಿಂತ ಕೈಕೆಲಸವೇ ಮುಖ್ಯವಾದ ತರಗತಿಗೆ ಭಾಷೆಯ ಕೊರತೆ ಅಷ್ಟೇನೂ ಅಡ್ಡಿಯಾಗಲಿಲ್ಲ.

ಹದಿನಾರು ವರ್ಷ ಅಲ್ಲಿ ಬೋಧಿಸಿದರು. ಚಿತ್ರ ಬರೆಯುವ ತರಗತಿಯಲ್ಲಿ ಕಾಗದ ಮುಟ್ಟುವ ಮುನ್ನ ಗಾಳಿಯಲ್ಲಿ ಕೈಯಾಡಿಸಬೇಕು, ತನ್ನ ಹೆಸರನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ಬರೆಯಬೇಕು, ಎಡಗೈಯಲ್ಲಿ ಬರೆಯಬೇಕು. ಕುರ್ಚಿಯನ್ನು ಬರೆಯುವಾಗ ಅದರ ಕಾಲುಗಳ ನಡುವಿನ ಬರಿಯ ಜಾಗವನ್ನೂ ಒಂದು ಆಕಾರವೆಂದು ನೋಡಬೇಕು. ಇನ್ನೊಂದು ಅಭ್ಯಾಸದಲ್ಲಿ ಎಲೆ, ಮೊಟ್ಟೆಯ ಚಿಪ್ಪು, ತಂತಿ, ಬಟ್ಟೆಯ ಚಿಂದಿಗಳನ್ನು ಅಕ್ಕಪಕ್ಕದಲ್ಲಿಟ್ಟು, ಒಂದರ ಮೈ ಇನ್ನೊಂದರಂತೆ ತೋರುವ ಹಾಗೆ ಮಾಡಬೇಕಿತ್ತು. ಕೊಳ್ಳುವ ಶಕ್ತಿಯಿಲ್ಲದ ಕಾಲೇಜಿನಲ್ಲಿ ಬಿದ್ದು ಸಿಗುವ ವಸ್ತುವೇ ಪಠ್ಯಸಾಮಗ್ರಿ.

ಇಲ್ಲಿನ ವಿದ್ಯಾರ್ಥಿಗಳಲ್ಲಿ ರೂತ್ ಅಸಾವ ಅವರ ಅನುಭವ ವಿಶೇಷವಾಗಿ ಉಲ್ಲೇಖಾರ್ಹ. ಕ್ಯಾಲಿಫೋರ್ನಿಯಾದ ಜಪಾನಿ ಮೂಲದ ರೈತ ಕುಟುಂಬದಲ್ಲಿ ಹುಟ್ಟಿದ ಅವರು ಎರಡನೆಯ ಮಹಾಯುದ್ಧದಲ್ಲಿ ಬಂಧನ ಶಿಬಿರದಲ್ಲಿದ್ದವರು. ಬಳಿಕ ಕಲಾಶಿಕ್ಷಕಿಯಾಗಲು ಓದಿದರು. ಆದರೆ ಜಪಾನಿ ಮೂಲದವರೆಂಬ ಕಾರಣಕ್ಕೆ ಬೋಧನಾಭ್ಯಾಸಕ್ಕೆ ಯಾವ ಶಾಲೆಯೂ ಸೇರಿಸಿಕೊಳ್ಳದೆ ಪದವಿ ಅರ್ಧಕ್ಕೆ ನಿಂತಿತು. ೧೯೪೬ರಲ್ಲಿ ಅವರು ಬ್ಲ್ಯಾಕ್ ಮೌಂಟನ್‌ಗೆ ಬಂದರು. ಕಾಲೇಜಿನ ಬಟ್ಟೆ ಒಗೆಯುವ ಮನೆಯಲ್ಲಿ ಹೊದಿಕೆಗಳ ಮೇಲೆ ಒತ್ತುವ ಕಾಲೇಜಿನ ಹೆಸರಿನ ರಬ್ಬರ್ ಮುದ್ರೆಯೊಂದಿತ್ತು. ಅಸಾವ ಆ ಮುದ್ರೆಯನ್ನು ಕಾಗದದ ಮೇಲೆ ಸಾಲು ಸಾಲಾಗಿ, ಓರೆಯಾಗಿ, ಒತ್ತೊತ್ತಾಗಿ ಒತ್ತಿ, ಅಕ್ಷರಗಳು ಕರಗಿ ಅಲೆಗಳಂತೆ ಕಾಣುವ ವಿನ್ಯಾಸಗಳನ್ನು ರಚಿಸಿದರು. ೧೯೪೭ರಲ್ಲಿ ಮೆಕ್ಸಿಕೋದ ಟೊಲೂಕಾದಲ್ಲಿ ತಂತಿಯ ಬುಟ್ಟಿ ಹೆಣೆಯುವುದನ್ನು ಕಲಿತರು. ಆ ಹೆಣಿಗೆಯಿಂದ ಬೆಳೆದ ತೂಗುವ ಶಿಲ್ಪಗಳು ಅವರನ್ನು ಜಗತ್ತಿಗೆ ಪರಿಚಯಿಸಿದವು. ಶಿಕ್ಷಕಿಯಾಗಬೇಕೆಂಬ ಬಯಕೆ ತಡವಾಗಿ ಈಡೇರಿತು: ೧೯೬೮ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸರಕಾರಿ ಶಾಲೆಯೊಂದರಲ್ಲಿ ಅವರು ಮಕ್ಕಳಿಗಾಗಿ ಕಲಾ ಕಾರ್ಯಾಗಾರವನ್ನು ಜೊತೆಗೂಡಿ ಆರಂಭಿಸಿದರು. ಅಲ್ಲಿಯೂ ಹಾಲಿನ ಡಬ್ಬಿಗಳಂಥ ಎಸೆಯುವ ವಸ್ತುಗಳೇ ಪಾಠದ ಸಾಮಗ್ರಿ.

ಎಲ್ಲ ವಿದ್ಯಾರ್ಥಿಗಳಿಗೂ ಆಲ್ಬರ್ಸ್ ಹಿತವಾಗಿದ್ದರೆಂದು ಹೇಳಲಾಗದು. ಅವರು ಕಟ್ಟುನಿಟ್ಟಿನವರು, ಆತ್ಮಾಭಿವ್ಯಕ್ತಿಯ ಹೆಸರಿನಲ್ಲಿ ಅಶಿಸ್ತನ್ನು ಸಹಿಸುತ್ತಿರಲಿಲ್ಲ. ೧೯೪೮ರಲ್ಲಿ ಸೇರಿದ ರಾಬರ್ಟ್ ರಾಷೆನ್‌ಬರ್ಗ್‌ಗೂ ಅವರಿಗೂ ಹೊಂದಿಕೆಯಾಗಲಿಲ್ಲ. ಆದರೂ ಕಸದಿಂದ ಆಯ್ದ ವಸ್ತುಗಳನ್ನು ಚಿತ್ರದೊಳಗೆ ತಂದು ಪ್ರಸಿದ್ಧರಾದ ರಾಷೆನ್‌ಬರ್ಗ್, ತಮ್ಮ ಪಾಲಿಗೆ ಅತ್ಯಂತ ಮುಖ್ಯ ಗುರು ಆಲ್ಬರ್ಸ್ ಎಂದೇ ಹೇಳುತ್ತಿದ್ದರು. ಗುರುವಿನ ಶೈಲಿಗೆ ತೀರ ವಿರುದ್ಧ ದಿಕ್ಕಿನಲ್ಲಿ ಸಾಗಿದ ಶಿಷ್ಯನಿಂದ ಬಂದ ಈ ಮಾತನ್ನು ಆಲ್ಬರ್ಸ್ ಪದ್ಧತಿಗೆ ಸಂದ ದೊಡ್ಡ ಮನ್ನಣೆಯೆಂದು ಎಣಿಸಬಹುದು.

ಯೇಲ್ ವಿಶ್ವವಿದ್ಯಾಲಯ ಮತ್ತು ಬಣ್ಣದ ತರಗತಿ

೧೯೪೯ರಲ್ಲಿ ಬ್ಲ್ಯಾಕ್ ಮೌಂಟನ್ ತೊರೆದ ಆಲ್ಬರ್ಸ್ ೧೯೫೦ರಲ್ಲಿ ಯೇಲ್ ವಿಶ್ವವಿದ್ಯಾಲಯದ ವಿನ್ಯಾಸ ವಿಭಾಗದ ಮುಖ್ಯಸ್ಥರಾದರು. ಮರುವರ್ಷ ಅಲ್ಲಿ ಆಲ್ವಿನ್ ಐಸೆನ್‌ಮನ್ ಅವರ ನೇತೃತ್ವದಲ್ಲಿ ಗ್ರಾಫಿಕ್ ವಿನ್ಯಾಸದ ಸ್ನಾತಕೋತ್ತರ ಪದವಿ ಆರಂಭವಾಯಿತು; ಅಮೆರಿಕದಲ್ಲಿ ಈ ವಿಷಯದ ಮೊದಲ ಸ್ನಾತಕೋತ್ತರ ಪದವಿಯೆಂದು ಅದು ಹೆಸರಾಗಿದೆ. ಚಿತ್ರಕಾರರಾಗಲು ಬಂದವರೂ ಪುಸ್ತಕ, ಭಿತ್ತಿಪತ್ರಗಳ ವಿನ್ಯಾಸ ಕಲಿಯಲು ಬಂದವರೂ ಆಲ್ಬರ್ಸ್ ತರಗತಿಗಳಲ್ಲಿ ಒಟ್ಟಿಗೆ ಕುಳಿತರು.

ಬಣ್ಣದ ತರಗತಿಯಲ್ಲಿ ಕುಂಚಕ್ಕೆ ಪ್ರವೇಶವಿರಲಿಲ್ಲ. ಬಣ್ಣ ಬೆರೆಸುವ ಜಂಜಾಟದಲ್ಲಿ ವಿದ್ಯಾರ್ಥಿಯ ಗಮನ ಚದುರುತ್ತದೆ, ಒಮ್ಮೆ ಬೆರೆಸಿದ ಬಣ್ಣ ಮತ್ತೆ ಹಾಗೆಯೇ ಬರುವುದೂ ಇಲ್ಲ. ಆದ್ದರಿಂದ ಹಳೆಯ ಪತ್ರಿಕೆಗಳು, ಗೋಡೆಗೆ ಅಂಟಿಸುವ ಕಾಗದದ ಮಾದರಿಗಳು, ಹೊದಿಕೆ ಕಾಗದಗಳಿಂದ ಚೂರುಗಳನ್ನು ಕತ್ತರಿಸಿ ತರಬೇಕಿತ್ತು. ಮೊದಲ ಸಮಸ್ಯೆ ಕೇಳಲು ಸರಳ: ಒಂದೇ ಬಣ್ಣ ಎರಡಾಗಿ ಕಾಣುವಂತೆ ಮಾಡಿ. ಒಂದೇ ಕಂದು ಕಾಗದದ ಎರಡು ತುಂಡುಗಳನ್ನು ಬೇರೆ ಬೇರೆ ಹಿನ್ನೆಲೆಗಳ ಮೇಲಿಟ್ಟು ನೋಡುತ್ತ ಹೋದರೆ, ಸರಿಯಾದ ಜೋಡಿ ಸಿಕ್ಕಾಗ ಅವೆರಡೂ ಒಂದೇ ಕಾಗದವೆಂದು ನಂಬಲು ಕಣ್ಣು ನಿರಾಕರಿಸುತ್ತದೆ. ಮುಂದಿನ ಸಮಸ್ಯೆ ಇನ್ನೂ ಕಠಿಣ: ಎರಡು ಭಿನ್ನ ಬಣ್ಣಗಳು ಒಂದೇ ಆಗಿ ಕಾಣಬೇಕು. ಇದಕ್ಕೆ ಸೂತ್ರವಿಲ್ಲ, ಚೂರುಗಳನ್ನು ಬದಲಿಸುತ್ತ, ತಪ್ಪುತ್ತ, ಮತ್ತೆ ನೋಡುತ್ತ ಹುಡುಕಬೇಕು. ಕಾಗದದ ಕೆಲಸ ಅಚ್ಚುಕಟ್ಟಾಗಿರಬೇಕೆಂಬ ಪಟ್ಟೂ ಇತ್ತು, ಏಕೆಂದರೆ ಅಂಚಿನ ಕೊಳೆ ಕಣ್ಣನ್ನು ದಾರಿ ತಪ್ಪಿಸುತ್ತದೆ.

ಕಣ್ಣಿಗೆ ಕಂಡದ್ದು ವಸ್ತುಸ್ಥಿತಿಯಲ್ಲ ಎಂಬುದನ್ನು ವಿವರಿಸಲು ಅವರು ಮೂರು ಪಾತ್ರೆಗಳ ಉದಾಹರಣೆ ಕೊಡುತ್ತಿದ್ದರು. ಒಂದು ಕೈಯನ್ನು ಬಿಸಿನೀರಿನಲ್ಲಿ, ಇನ್ನೊಂದನ್ನು ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಆಮೇಲೆ ಎರಡನ್ನೂ ಉಗುರುಬೆಚ್ಚಗಿನ ನೀರಿಗೆ ಹಾಕಿದರೆ ಒಂದು ಕೈಗೆ ಅದು ತಂಪು, ಇನ್ನೊಂದಕ್ಕೆ ಬಿಸಿ. ಬಣ್ಣವೂ ಹಾಗೆಯೇ, ನೆರೆಹೊರೆಗೆ ತಕ್ಕಂತೆ. ಐವತ್ತು ಜನರ ಮುಂದೆ ಕೆಂಪು ಎಂಬ ಶಬ್ದವನ್ನು ನುಡಿದರೆ ಅವರ ಮನಸ್ಸಿನಲ್ಲಿ ಐವತ್ತು ಕೆಂಪುಗಳು ಮೂಡುತ್ತವೆ ಎಂಬುದು ಅವರ ಪಾಠದ ಇನ್ನೊಂದು ಆರಂಭಬಿಂದು.

ಈ ಅಭ್ಯಾಸಗಳ ಫಲವಾಗಿ 'ಬಣ್ಣಗಳ ಪರಸ್ಪರ ಕ್ರಿಯೆ' ಗ್ರಂಥವನ್ನು ಯೇಲ್ ವಿಶ್ವವಿದ್ಯಾಲಯ ಮುದ್ರಣಾಲಯ ೧೯೬೩ರಲ್ಲಿ ಪ್ರಕಟಿಸಿತು. ಮೊದಲ ಆವೃತ್ತಿ ಎರಡು ಸಾವಿರ ಪ್ರತಿಗಳಿಗೆ ಸೀಮಿತ. ೧೫೦ ಸಿಲ್ಕ್ ಸ್ಕ್ರೀನ್ ಮುದ್ರಣದ ಫಲಕಗಳನ್ನೊಳಗೊಂಡ ಅದು ಸಾಮಾನ್ಯ ವಿದ್ಯಾರ್ಥಿಯ ಕೈಗೆಟುಕುವಂಥದ್ದಾಗಿರಲಿಲ್ಲ. ೧೯೭೧ರ ಸಣ್ಣ ಆವೃತ್ತಿಯಿಂದ ಗ್ರಂಥ ವಿನ್ಯಾಸ ಶಾಲೆಗಳಿಗೆ ವ್ಯಾಪಕವಾಗಿ ತಲುಪಿತು. ಪುಸ್ತಕದ ಹೆಚ್ಚಿನ ಚಿತ್ರಗಳು ಆಲ್ಬರ್ಸ್ ರಚನೆಗಳಲ್ಲ, ವಿದ್ಯಾರ್ಥಿಗಳು ತರಗತಿಯಲ್ಲಿ ಕಂಡುಕೊಂಡ ಪರಿಹಾರಗಳು. ಗ್ರಂಥವನ್ನು ಅವರು ಅರ್ಪಿಸಿದ್ದೂ ತಮ್ಮ ವಿದ್ಯಾರ್ಥಿಗಳಿಗೇ.

ಚಿತ್ರಗಳು ಮತ್ತು ಕೊನೆಯ ವರ್ಷಗಳು

'ಚೌಕಕ್ಕೆ ಗೌರವ' ಸರಣಿಯನ್ನು ಅವರು ಆರಂಭಿಸಿದ್ದು ೧೯೫೦ರಲ್ಲಿ, ಅರವತ್ತೆರಡನೆಯ ವಯಸ್ಸಿನಲ್ಲಿ. ಒಂದರೊಳಗೊಂದು ಕುಳಿತ ಮೂರು ಅಥವಾ ನಾಲ್ಕು ಚೌಕಗಳು. ಟ್ಯೂಬಿನಿಂದ ನೇರವಾಗಿ ತೆಗೆದು ಚಾಕುವಿನಿಂದ ಹಚ್ಚಿದ ಬಣ್ಣ. ಬಳಸಿದ ಬಣ್ಣ ಯಾವುದು, ತಯಾರಿಸಿದವರು ಯಾರು ಎಂಬ ವಿವರವನ್ನು ಹಲಗೆಯ ಹಿಂಬದಿಯಲ್ಲಿ ಬರೆದಿಡುತ್ತಿದ್ದರು. ಕೊನೆಯುಸಿರಿನವರೆಗೆ ಇಂಥ ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ರಚಿಸಿದರು. ಮೊದಲ ನೋಟಕ್ಕೆ ಎಲ್ಲವೂ ಒಂದೇ ಎನಿಸಬಹುದು. ಕೆಲವನ್ನು ಅಕ್ಕಪಕ್ಕದಲ್ಲಿಟ್ಟು ನಿಧಾನವಾಗಿ ನೋಡಿದವರಿಗೆ ಮಾತ್ರ ಒಂದರ ಚೌಕ ಮುಂದೆ ಬಂದಂತೆಯೂ ಇನ್ನೊಂದರದು ಒಳಗೆ ಸರಿದಂತೆಯೂ ತೋರುತ್ತದೆ.

೧೯೫೮ರಲ್ಲಿ ಯೇಲ್‌ನಿಂದ ನಿವೃತ್ತರಾದರು. ಅದಕ್ಕೂ ಮೊದಲು ಜರ್ಮನಿಯ ಉಲ್ಮ್ ನಗರದ ಹೊಸ ವಿನ್ಯಾಸ ಶಾಲೆಯಲ್ಲಿ ಅತಿಥಿ ಅಧ್ಯಾಪಕರಾಗಿ ಪ್ರಾಥಮಿಕ ತರಗತಿಗಳನ್ನು ನಡೆಸಿಕೊಟ್ಟಿದ್ದರು. ಅಹಮದಾಬಾದಿನಲ್ಲಿ ೧೯೬೧ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಆರಂಭಿಕ ಪಾಠಕ್ರಮವು ಬೌಹೌಸ್ ಮತ್ತು ಉಲ್ಮ್ ಪರಂಪರೆಗಳಿಂದ ಪ್ರೇರಣೆ ಪಡೆಯಿತು. ೧೯೫೯ರಿಂದ ೧೯೬೧ರ ನಡುವೆ ಆಲ್ಬರ್ಸ್ ಸಂಗೀತದ ಧ್ವನಿಮುದ್ರಿಕೆಗಳಿಗೆ ಹೊದಿಕೆಗಳನ್ನು ವಿನ್ಯಾಸಗೊಳಿಸಿದರು. ಒತ್ತೊತ್ತಾಗಿ ಜೋಡಿಸಿದ ಕಪ್ಪು ಚುಕ್ಕೆಗಳ ಸಾಲಿನಿಂದ ಕೆಲವು ಚುಕ್ಕೆಗಳು ಸಿಡಿದು ಮೇಲೇರುವ ಹೊದಿಕೆ ಅವುಗಳಲ್ಲಿ ಹೆಸರುವಾಸಿ. ತಾಳವಾದ್ಯದ ಧ್ವನಿಗೆ ಅಷ್ಟು ಮಿತವಾದ ಚಿತ್ರರೂಪ ಅಪರೂಪ.

೧೯೭೧ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯ ಅವರ ಸಮಗ್ರ ಪ್ರದರ್ಶನವನ್ನು ಏರ್ಪಡಿಸಿತು. ಜೀವಂತ ಕಲಾವಿದರೊಬ್ಬರ ಏಕವ್ಯಕ್ತಿ ಸಮಗ್ರ ಪ್ರದರ್ಶನವನ್ನು ಆ ಸಂಸ್ಥೆ ನಡೆಸಿದ್ದು ಅದೇ ಮೊದಲು. ೧೯೭೬ರ ಮಾರ್ಚ್ ೨೫ರಂದು, ಎಂಬತ್ತೆಂಟನೆಯ ಹುಟ್ಟುಹಬ್ಬ ಕಳೆದ ಆರನೆಯ ದಿನ, ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ ನಿಧನರಾದರು. ೧೯೮೦ರಲ್ಲಿ ಅಮೆರಿಕದ ಅಂಚೆ ಇಲಾಖೆ ಶಿಕ್ಷಣವನ್ನು ಕುರಿತು ಹೊರತಂದ ಅಂಚೆಚೀಟಿಯಲ್ಲಿ ಅವರ ಚೌಕದ ಚಿತ್ರವೊಂದನ್ನು ಅಚ್ಚುಹಾಕಿತು. ೧೯೮೩ರಲ್ಲಿ ಹುಟ್ಟೂರಾದ ಬಾಟ್ರಾಪ್‌ನಲ್ಲಿ ಅವರ ಹೆಸರಿನ ಸಂಗ್ರಹಾಲಯ ತೆರೆಯಿತು.